ಅಮೆರಿಕದಲ್ಲಿ ಆಕ್ಯುಪೇಶನಲ್ ಥೆರಪಿ ಅಸಿಸ್ಟೆಂಟ್ ಆಗುವುದು: ಕೆಲಸ ಏನು, ಓದು ಎಷ್ಟು, ಎಡವುವುದು ಎಲ್ಲಿ

ಅಮೆರಿಕದಲ್ಲಿ ಆಕ್ಯುಪೇಶನಲ್ ಥೆರಪಿ ಅಸಿಸ್ಟೆಂಟ್ ಆಗುವುದು ಹೇಗೆ? ತಿಂಗಳಿಗೆ ಇಬ್ಬರಾದರೂ ಇದೇ ಪ್ರಶ್ನೆ ಹಿಡಿದು ಬರುತ್ತಾರೆ. ಕೇಳುವವರು ಹೆಚ್ಚಾಗಿ ಮೂರು ಬಗೆ. ಗಂಡನ ಕೆಲಸದ ಬೆನ್ನಿಗೆ ಅಮೆರಿಕಕ್ಕೆ ಬಂದು, ಊರಿನಲ್ಲಿ ಓದಿದ ಬಿ.ಎಸ್ಸಿ. ಅಂಕಪಟ್ಟಿಯನ್ನು ಸೂಟ್‌ಕೇಸಿನ ತಳದಲ್ಲಿ ಇಟ್ಟುಕೊಂಡವರು, ಭಾರತದಲ್ಲಿ ಬಿ.ಒ.ಟಿ., ಅಂದರೆ ಆಕ್ಯುಪೇಶನಲ್ ಥೆರಪಿಯ ಪದವಿ, ಮುಗಿಸಿ ‘ಮೊದಲು ಅಸಿಸ್ಟೆಂಟ್ ಆಗಿ ಸೇರಿಕೊಂಡರೆ ಆಗದೇ’ ಎನ್ನುವವರು. ಮಗಳನ್ನು ಓದಲು ಕಳಿಸಬೇಕೆಂದು ಏಜೆಂಟರ ಹತ್ತಿರ ಮಾತಾಡಿ ಬಂದ ತಂದೆತಾಯಿ. ಮೂವರಿಗೂ ಉತ್ತರ ಬೇರೆ ಬೇರೆ. ಆದರೆ ಮೂವರೂ ಎಡವುವುದು ಒಂದೇ ಕಡೆ: ಕಾಲೇಜು ಹುಡುಕುವುದರಿಂದ ಆರಂಭಿಸುತ್ತಾರೆ. ಕಾಲೇಜು ಮೂರನೆಯ ಹಂತ. ಮೊದಲ ಎರಡನ್ನು ದಾಟದೆ ಫೀಸು ಕಟ್ಟಿದವರ ಕಥೆಗಳನ್ನು ಕೇಳಿ ಕೇಳಿ ಇದನ್ನು ಬರೆಯಲು ಕುಳಿತಿದ್ದೇನೆ.

ಈ ಕೆಲಸ ಏನು

ಆಕ್ಯುಪೇಶನ್ ಎಂದರೆ ಉದ್ಯೋಗ ಎಂದು ನಿಘಂಟು ಹೇಳುತ್ತದೆ. ಆದ್ದರಿಂದ ಕನ್ನಡದಲ್ಲಿ ‘ಔದ್ಯೋಗಿಕ ಚಿಕಿತ್ಸೆ’ ಎಂದು ಬರೆಯುವುದುಂಟು. ಓದಿದವರು ಇದೇನೋ ಕೆಲಸ ಕೊಡಿಸುವ ಇಲಾಖೆ ಎಂದುಕೊಳ್ಳುವುದೂ ಉಂಟು. ಇಲ್ಲಿ ಆಕ್ಯುಪೇಶನ್ ಎಂದರೆ ಒಬ್ಬರ ದಿನವನ್ನು ತುಂಬುವ ಕೆಲಸಗಳು. ಹಲ್ಲುಜ್ಜುವುದು, ಸ್ನಾನ, ಬಟ್ಟೆ ತೊಡುವುದು, ಶೌಚಕ್ಕೆ ಹೋಗಿ ಬರುವುದು, ಒಲೆ ಹಚ್ಚಿ ಕಾಫಿ ಕಾಸುವುದು, ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ನುಂಗುವುದು. ಮಗುವಾದರೆ ಪೆನ್ಸಿಲ್ ಹಿಡಿಯುವುದು, ತರಗತಿಯಲ್ಲಿ ಕುಳಿತಿರುವುದು, ಜಾಕೆಟ್ಟಿನ ಜಿಪ್ ಎಳೆಯುವುದು. ಪಾರ್ಶ್ವವಾಯು, ಮೂಳೆಮುರಿತ, ಆಟಿಸಂ, ಮರೆವಿನ ಕಾಯಿಲೆ, ಮಾನಸಿಕ ತೊಂದರೆ ಹೀಗೆ ಯಾವುದೋ ಒಂದು ಕಾರಣಕ್ಕೆ ಈ ಕೆಲಸಗಳು ಕೈತಪ್ಪಿದಾಗ ಅವನ್ನು ಮರಳಿ ಕಲಿಸುವುದು, ಕಲಿಯಲು ಆಗದಿದ್ದರೆ ಬೇರೆ ದಾರಿ ತೋರಿಸುವುದು ಆಕ್ಯುಪೇಶನಲ್ ಥೆರಪಿ. 1917ರಲ್ಲಿ ನ್ಯೂಯಾರ್ಕ್ ರಾಜ್ಯದ ಕ್ಲಿಫ್ಟನ್ ಸ್ಪ್ರಿಂಗ್ಸ್ ಎಂಬ ಸಣ್ಣ ಊರಿನಲ್ಲಿ ಸೇರಿ ಸಂಘ ಕಟ್ಟಿದವರಿಂದ ಇದು ಅಲ್ಲಿ ವೃತ್ತಿಯಾಗಿ ನಿಂತಿತು. ಅಸಿಸ್ಟೆಂಟ್ ಎಂಬ ದರ್ಜೆ ಬಂದದ್ದು 1950ರ ದಶಕದ ಕೊನೆಗೆ. ನಮ್ಮಲ್ಲಿ 1950ರಲ್ಲೇ ಮುಂಬೈಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಕಮಲಾ ನಿಂಬಕರ್ ಇದರ ಮೊದಲ ಶಾಲೆ ತೆರೆದರು. ಮದುವೆಯಾಗಿ ಭಾರತಕ್ಕೆ ಬಂದ ಅವರು ಹುಟ್ಟಿನಿಂದ ಅಮೆರಿಕದವರು.

ಕೆಲಸ ಹೇಗಿರುತ್ತದೆ ಎಂಬುದಕ್ಕೆ ಒಂದು ಅಂಗಿ ಸಾಕು. ಎಡಭಾಗಕ್ಕೆ ಪಾರ್ಶ್ವವಾಯು ಹೊಡೆದ ಎಪ್ಪತ್ತರ ಹಿರಿಯರು ಹಾಸಿಗೆಯಂಚಿನಲ್ಲಿ ಕುಳಿತಿದ್ದಾರೆ. ಅಂಗಿ ತೊಡುವಾಗ ಬಲಹೀನವಾದ ಕೈ ಮೊದಲು. ಬಲಗೈಯಿಂದ ಎಡಗೈಯನ್ನು ಹಿಡಿದು ಅಂಗಿಯ ತೋಳಿನೊಳಗೆ ಇಳಿಸಬೇಕು, ಬಟ್ಟೆ ಮೊಣಕೈ ದಾಟಿ ಭುಜ ಏರುವವರೆಗೆ ಎಳೆಯಬೇಕು, ಆಮೇಲೆ ಬೆನ್ನ ಹಿಂದಿನಿಂದ ತಂದು ಬಲಗೈ ತೂರಿಸಬೇಕು. ಮೊಣಕೈ ದಾಟಿಸದೆ ಬಲಗೈ ಹಾಕಿದರೆ ಎಡತೋಳು ಜಾರಿ ಕೆಳಗೆ ಬೀಳುತ್ತದೆ, ಮತ್ತೆ ಮೊದಲಿನಿಂದ. ಕಳಚುವಾಗ ಕ್ರಮ ತಿರುಗುಮುರುಗು: ಗಟ್ಟಿ ಕೈ ಮೊದಲು ಹೊರಗೆ. ನೀವು ತೊಡಿಸಿಬಿಟ್ಟರೆ ಎರಡು ನಿಮಿಷದ ಕೆಲಸ. ಅವರೇ ತೊಡಲಿ ಎಂದರೆ ಹದಿನೈದು ನಿಮಿಷ. ನಿಮಗೆ ಸಂಬಳ ಕೊಡುವುದು ಆ ಹದಿನೈದು ನಿಮಿಷ ಕೈ ಕಟ್ಟಿಕೊಂಡು, ಎಲ್ಲಿ ಮುಟ್ಟಬೇಕೋ ಅಲ್ಲಿ ಮಾತ್ರ ಮುಟ್ಟಿ, ಎಷ್ಟು ಸಹಾಯ ಬೇಕಾಯಿತು ಎಂದು ಬರೆದಿಡುವುದಕ್ಕೆ.

ಆ ಬರವಣಿಗೆಗೂ ಪರಿಭಾಷೆ ಇದೆ. ರೋಗಿ ಮುಕ್ಕಾಲು ಪಾಲು ಅಥವಾ ಅದಕ್ಕಿಂತ ಹೆಚ್ಚು ತಾವೇ ಮಾಡಿದರೆ ‘ಮಿನ್’, ಅಂದರೆ ಕನಿಷ್ಠ ಸಹಾಯ. ಅರ್ಧದಿಂದ ಮುಕ್ಕಾಲು ಮಾಡಿದರೆ ‘ಮಾಡ್’, ಮಧ್ಯಮ. ಕಾಲುಭಾಗದಿಂದ ಅರ್ಧದೊಳಗಾದರೆ ‘ಮ್ಯಾಕ್ಸ್’, ಅತಿ ಹೆಚ್ಚು. ಮೊದಲ ತಿಂಗಳು ಎಲ್ಲರೂ ಇದನ್ನು ತಿರುಗಿಸಿ ಬರೆಯುತ್ತಾರೆ. ಅಳತೆ ರೋಗಿ ಮಾಡಿದ ಪಾಲಿನದು, ನಾವು ಮಾಡಿದ್ದರದಲ್ಲ.

ಗೆರೆ ಎಲ್ಲಿದೆ

ಒಂದೇ ಕೋಣೆಯಲ್ಲಿ ಮೂವರನ್ನು ಕಾಣಬಹುದು. ಆಕ್ಯುಪೇಶನಲ್ ಥೆರಪಿಸ್ಟ್ (ಇನ್ನು ಮುಂದೆ ಒ.ಟಿ.), ಅಸಿಸ್ಟೆಂಟ್ (ಇನ್ನು ಮುಂದೆ ಒ.ಟಿ.ಎ.) ಮತ್ತು ಏಡ್. ಏಡ್ ಎಂದರೆ ಕೋಣೆ ಸಜ್ಜು ಮಾಡುವ, ಗಾಲಿಕುರ್ಚಿ ತಳ್ಳುವ, ಸಾಮಾನು ತೊಳೆದಿಡುವ ಸಹಾಯಕರು. ಅವರಿಗೆ ಸಾಮಾನ್ಯವಾಗಿ ಹೈಸ್ಕೂಲು, ಅಂದರೆ ಅಲ್ಲಿನ ಹನ್ನೆರಡನೆಯ ತರಗತಿಯವರೆಗಿನ ಓದು ಸಾಕು, ಚಿಕಿತ್ಸೆ ಕೊಡುವಂತಿಲ್ಲ. ಒ.ಟಿ.ಎ. ಚಿಕಿತ್ಸೆ ಕೊಡುವವರು, ಪರವಾನಗಿ ಉಳ್ಳವರು. ಸಂಬಳದಲ್ಲೂ ಈ ಅಂತರ ಕಾಣುತ್ತದೆ: ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆಯ 2023ರ ಲೆಕ್ಕದಲ್ಲಿ ಒ.ಟಿ.ಎ.ಗಳ ವಾರ್ಷಿಕ ಮಧ್ಯಾಂಕ ವೇತನ ಸುಮಾರು 67 ಸಾವಿರ ಡಾಲರ್, ಏಡ್‌ಗಳದ್ದು 37 ಸಾವಿರದ ಆಸುಪಾಸು. ‘ಅಸಿಸ್ಟೆಂಟ್’ ಎಂಬ ಪದ ನೋಡಿ ಎರಡನ್ನೂ ಒಂದೇ ಎಂದುಕೊಂಡವರನ್ನು ಬಹಳ ಕಂಡಿದ್ದೇನೆ. ಉದ್ಯೋಗ ಜಾಹೀರಾತಿನಲ್ಲಿ ‘ಥೆರಪಿ ಏಡ್’, ‘ರಿಹ್ಯಾಬ್ ಟೆಕ್’ ಎಂದಿದ್ದರೆ ಅದು ಈ ಲೇಖನದ ಕೆಲಸವಲ್ಲ.

ಒ.ಟಿ. ಮತ್ತು ಒ.ಟಿ.ಎ. ನಡುವಿನ ಗೆರೆ ಮಾತ್ರ ಸೂಕ್ಷ್ಮ, ಪರವಾನಗಿಗೆ ಮೊದಲು ಬರೆಯುವ ಪರೀಕ್ಷೆಯಿಂದ ಕೆಲಸದ ಕೊನೆಯ ದಿನದವರೆಗೂ ಜತೆಗಿರುತ್ತದೆ. ರೋಗಿಯನ್ನು ಮೊದಲು ಪರೀಕ್ಷಿಸಿ ಏನು ಸಾಧ್ಯ ಎಂದು ತೀರ್ಮಾನಿಸುವುದು, ಚಿಕಿತ್ಸೆಯ ಯೋಜನೆ ಬರೆಯುವುದು, ಚಿಕಿತ್ಸೆ ಮುಗಿಯಿತೆಂದು ನಿರ್ಧರಿಸುವುದು ಒ.ಟಿ.ಯ ಹೊಣೆ. ಒ.ಟಿ.ಎ. ಆ ಯೋಜನೆಯನ್ನು ನಡೆಸುತ್ತಾರೆ. ಒ.ಟಿ. ಒಪ್ಪಿಸಿದರೆ ಕೆಲವು ಅಳತೆಗಳನ್ನು ತೆಗೆದುಕೊಡಬಹುದು, ಆದರೆ ಆ ಅಂಕೆಗೆ ಏನು ಅರ್ಥ ಎಂದು ಬರೆಯುವಂತಿಲ್ಲ. ಮೇಲಿನ ಹಿರಿಯರ ಉದಾಹರಣೆಯನ್ನೇ ತೆಗೆದುಕೊಳ್ಳಿ. ಯೋಜನೆಯಲ್ಲಿ ‘ಎರಡು ವಾರದಲ್ಲಿ ಕನಿಷ್ಠ ಸಹಾಯದಿಂದ ಅಂಗಿ ತೊಡಬೇಕು’ ಎಂದಿದೆ. ಅಂಗಿ ತೊಡಿಸುವಾಗ ಅವರು ಎಡಭಾಗದಲ್ಲಿ ಇಟ್ಟ ತಟ್ಟೆಯನ್ನೂ ಗಮನಿಸುತ್ತಿಲ್ಲ ಎಂದು ನಿಮಗೆ ಕಾಣುತ್ತದೆ. ನೀವು ಅದನ್ನು ಬರೆದು ಅಂದೇ ಒ.ಟಿ.ಗೆ ಹೇಳುತ್ತೀರಿ. ಎಡಭಾಗದ ಅಲಕ್ಷ್ಯಕ್ಕೆ ಹೊಸ ಗುರಿಯನ್ನು ನೀವೇ ಬರೆದು ಚಿಕಿತ್ಸೆ ಆರಂಭಿಸಿದರೆ ಗೆರೆ ದಾಟಿದಿರಿ. ಉದ್ದೇಶ ಎಷ್ಟೇ ಒಳ್ಳೆಯದಿದ್ದರೂ ಪರವಾನಗಿಗೆ ಕುತ್ತು.

ಇನ್ನೊಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತೇನೆ. ಶೌಚ ಈ ಕೆಲಸದ ನಟ್ಟನಡುವೆ ಇದೆ. ಕಮೋಡಿನ ಮೇಲೆ ಕೂರಿಸುವುದು, ಒಂದೇ ಕೈಯಲ್ಲಿ ಪ್ಯಾಂಟು ಏರಿಸುವುದು, ಶುಚಿ ಮಾಡಿಕೊಳ್ಳುವುದನ್ನು ಕಲಿಸುವುದು ಎಲ್ಲವೂ ಚಿಕಿತ್ಸೆಯೇ. ಅಪರಿಚಿತ ಗಂಡಸರಿಗೂ ಹೆಂಗಸರಿಗೂ. ಮನೆಯಲ್ಲಿ ಮಡಿ ಹಿಡಿದು ಬೆಳೆದವರಿಗೆ, ಅಥವಾ ಮನೆಯವರು ‘ಇದೆಲ್ಲ ನಿನಗ್ಯಾಕೆ’ ಎನ್ನುವವರಿಗೆ, ಇದನ್ನು ಓದು ಮುಗಿದ ಮೇಲೆ ಕಂಡುಕೊಳ್ಳುವುದಕ್ಕಿಂತ ಈಗಲೇ ಯೋಚಿಸುವುದು ಅಗ್ಗ.

ಹಂತ 1: ವೀಸಾ ನೋಡಿಕೊಳ್ಳಿ

ಒ.ಟಿ.ಎ. ಕೆಲಸಕ್ಕೆ ಬೇಕಾದ ಓದು ಅಸೋಸಿಯೇಟ್ ಪದವಿ, ಅಂದರೆ ಹೈಸ್ಕೂಲಿನ ನಂತರದ ಎರಡು ವರ್ಷದ ಪದವಿ. ಎಚ್-1ಬಿ ಎಂಬ ಕೆಲಸದ ವೀಸಾ ಕೊಡುವುದು ಕನಿಷ್ಠ ಬ್ಯಾಚುಲರ್ ಪದವಿ ಬೇಕೇಬೇಕಾದ ಕೆಲಸಗಳಿಗೆ. ಆದ್ದರಿಂದ ಈ ಕೆಲಸದ ಮೇಲೆ ಎಚ್-1ಬಿ ಸಿಗುತ್ತದೆಂದು ನಂಬಿ ಹೊರಡಬೇಡಿ.

ಮಗಳನ್ನು ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಕಳಿಸಬೇಕೆಂದಿರುವ ತಂದೆತಾಯಿ ಇಲ್ಲಿ ನಿಲ್ಲಿ. ಓದು ಮುಗಿದ ಮೇಲೆ ಒಪಿಟಿ ಎಂಬ ಹನ್ನೆರಡು ತಿಂಗಳ ಕೆಲಸದ ಅವಕಾಶ ಸಿಗಬಹುದು. ಎಂಜಿನಿಯರಿಂಗ್ ಮಕ್ಕಳಿಗೆ ಸಿಗುವ ಎರಡು ವರ್ಷದ ಹೆಚ್ಚುವರಿ ವಿಸ್ತರಣೆ ಇದಕ್ಕಿಲ್ಲ. ಹನ್ನೆರಡು ತಿಂಗಳಲ್ಲಿ ಪರೀಕ್ಷೆ, ಪರವಾನಗಿ, ಕೆಲಸ ಹುಡುಕಾಟ ಎಲ್ಲವೂ ಆಗಬೇಕು. ಆಮೇಲೆ ದಾರಿ ಮುಚ್ಚುತ್ತದೆ. ಏಜೆಂಟರು ‘ಹೆಲ್ತ್‌ಕೇರ್‌ನಲ್ಲಿ ಬೇಡಿಕೆ ಇದೆ’ ಎಂದು ಹೇಳುವುದು ನಿಜ, ವೀಸಾದ ವಿಷಯ ಹೇಳದಿರುವುದೂ ಅಷ್ಟೇ ನಿಜ.

ಈ ದಾರಿ ಹೊಂದುವುದು ಗ್ರೀನ್ ಕಾರ್ಡ್ ಅಥವಾ ಪೌರತ್ವ ಇರುವವರಿಗೆ, ಕೆಲಸದ ಅನುಮತಿ ಇರುವ ಸಂಗಾತಿಗಳಿಗೆ. ಎಚ್-1ಬಿ ಇರುವವರ ಸಂಗಾತಿಗೆ ಸಿಗುವ ಎಚ್-4 ವೀಸಾದಲ್ಲಿ ಓದಲು ಅಡ್ಡಿಯಿಲ್ಲ. ಕೆಲಸಕ್ಕೆ ಇಎಡಿ, ಅಂದರೆ ಕೆಲಸದ ಅನುಮತಿ ಕಾರ್ಡು, ಬೇಕು. 2015ರಿಂದ ಇದನ್ನು ಕೊಡುತ್ತಿದ್ದಾರೆ, ಆದರೆ ಎಲ್ಲ ಎಚ್-4 ಸಂಗಾತಿಗಳಿಗೂ ಅಲ್ಲ. ಮುಖ್ಯವಾಗಿ ಗಂಡ ಅಥವಾ ಹೆಂಡತಿಯ ಗ್ರೀನ್ ಕಾರ್ಡ್ ದಾರಿಯ ಐ-140 ಅರ್ಜಿ ಮಂಜೂರಾಗಿದ್ದರೆ ಸಿಗುತ್ತದೆ. ಕಂಪನಿಯೊಳಗಿನ ವರ್ಗಾವಣೆಯ ಮೇಲೆ ಬರುವ ಎಲ್-1 ವೀಸಾದವರ ಸಂಗಾತಿಗೆ ಪ್ರತ್ಯೇಕ ಕಾರ್ಡಿಲ್ಲದೆಯೇ ಕೆಲಸ ಮಾಡುವ ಹಕ್ಕಿದೆ. ಇಎಡಿ ಇದ್ದವರು ನವೀಕರಣವನ್ನು ಕೊನೆಯ ತಿಂಗಳಿಗೆ ಬಿಡಬೇಡಿ. 2025ರ ಅಕ್ಟೋಬರ್ 30ರಿಂದ ಸಲ್ಲಿಸುವ ಅರ್ಜಿಗಳಿಗೆ ಹಳೆಯ ಸ್ವಯಂಚಾಲಿತ ವಿಸ್ತರಣೆ ಇಲ್ಲ. ಕಾರ್ಡಿನ ದಿನಾಂಕ ಮುಗಿದರೆ ಮರುದಿನ ಕೆಲಸಕ್ಕೆ ಹೋಗುವಂತಿಲ್ಲ. ಅವಧಿ ಮುಗಿಯುವ 180 ದಿನ ಮೊದಲೇ ಅರ್ಜಿ ಹಾಕಬಹುದು, ಹಾಕಿ.

ಇಎಡಿ ಇಲ್ಲದೆ ‘ಓದು ಮುಗಿಯುವುದರೊಳಗೆ ಬರುತ್ತದೆ’ ಎಂದು ಸೇರುವವರಿಗೆ ಒಂದು ಎಚ್ಚರಿಕೆ. ಕೆಲವು ತರಬೇತಿ ಸ್ಥಳಗಳೂ ಕೆಲವು ರಾಜ್ಯಗಳ ಪರವಾನಗಿ ಅರ್ಜಿಗಳೂ ಸೋಶಿಯಲ್ ಸೆಕ್ಯುರಿಟಿ ಸಂಖ್ಯೆ (ಅಲ್ಲಿನ ಸರ್ಕಾರ ಕೊಡುವ ಗುರುತಿನ ಸಂಖ್ಯೆ) ಕೇಳುತ್ತವೆ. ಕೆಲಸದ ಅನುಮತಿ ಇಲ್ಲದ ಎಚ್-4ಗೆ ಸಾಮಾನ್ಯವಾಗಿ ಆ ಸಂಖ್ಯೆ ಇರುವುದಿಲ್ಲ. ಸೇರುವ ಮೊದಲೇ ಕಾಲೇಜಿನ ಫೀಲ್ಡ್‌ವರ್ಕ್ (ಕ್ಷೇತ್ರ ತರಬೇತಿ) ಸಂಯೋಜಕರನ್ನು ಕೇಳಿ, ಉತ್ತರವನ್ನು ಇಮೇಲಿನಲ್ಲಿ ಪಡೆದುಕೊಳ್ಳಿ.

ಬಿ.ಒ.ಟಿ. ಮುಗಿಸಿದವರು: ಭಾರತದ ಪದವಿಯ ಬಲದ ಮೇಲೆ ನೇರವಾಗಿ ಅಸಿಸ್ಟೆಂಟ್ ಪರೀಕ್ಷೆ ಬರೆಯಲು ಆಗುವುದಿಲ್ಲ. ಆ ಪರೀಕ್ಷೆ ಅಮೆರಿಕದ ಮಾನ್ಯತೆ ಪಡೆದ ಒ.ಟಿ.ಎ. ಕೋರ್ಸು ಮುಗಿಸಿದವರಿಗೆ. ಹೆಚ್ಚು ಓದಿದವರು ಕೆಳಗಿನ ಮೆಟ್ಟಿಲಿಗೆ ಸುಲಭವಾಗಿ ಇಳಿಯಬಹುದು ಎಂಬ ಲೆಕ್ಕ ಇಲ್ಲಿ ನಡೆಯದು. ನಿಮ್ಮ ದಾರಿ ಥೆರಪಿಸ್ಟ್ ಪರೀಕ್ಷೆಗೆ ವಿದೇಶಿ ಪದವೀಧರರ ಅರ್ಹತೆ ಪರಿಶೀಲಿಸುವ ಪ್ರಕ್ರಿಯೆ. ಅಲ್ಲಿ ಅಳೆಯುವುದು ಅಮೆರಿಕದ ಸ್ನಾತಕೋತ್ತರ ಮಟ್ಟಕ್ಕೆ. ಈ ಲೇಖನದ ಉಳಿದ ಹಂತಗಳು ನಿಮಗೆ ಬೇಡ.

ಹಂತ 2: ಕೆಲಸವನ್ನು ಕಣ್ಣಾರೆ ನೋಡಿ

ಇದಕ್ಕೆ ಶ್ಯಾಡೋಯಿಂಗ್ ಎನ್ನುತ್ತಾರೆ: ಕೆಲಸದಲ್ಲಿರುವವರ ಬೆನ್ನಿಗೆ ನಿಂತು ನೋಡುವುದು. ಅನೇಕ ಕಾಲೇಜುಗಳು ಇಂತಿಷ್ಟು ಗಂಟೆ ನೋಡಿರಬೇಕೆಂದು ಕೇಳುತ್ತವೆ, ಕೇಳದಿದ್ದರೂ ಮಾಡಿ. ಎರಡು ಬೇರೆ ಬೇರೆ ಜಾಗ ಆರಿಸಿಕೊಳ್ಳಿ, ಒಂದು ವೃದ್ಧರ ಶುಶ್ರೂಷಾ ಕೇಂದ್ರ, ಒಂದು ಶಾಲೆ ಅಥವಾ ಮಕ್ಕಳ ಕ್ಲಿನಿಕ್. ಎಲ್ಲರೂ ಮಕ್ಕಳ ಜತೆ ಕೆಲಸ ಮಾಡುವ ಕನಸಿನಿಂದ ಬರುತ್ತಾರೆ, ಆದರೆ ಕೆಲಸದ ದೊಡ್ಡ ಪಾಲು ಇರುವುದು ವೃದ್ಧರ ಹತ್ತಿರ. ನೋಡಿದ ಗಂಟೆಗಳಿಗೆ ಸಹಿ ಮಾಡಿದ ಹಾಳೆ ಅಂದೇ ಪಡೆಯಿರಿ. ಆರು ತಿಂಗಳ ನಂತರ ಹೋದರೆ ಸಹಿ ಮಾಡಬೇಕಾದವರು ಕೆಲಸ ಬಿಟ್ಟಿರುತ್ತಾರೆ.

ಹಂತ 3: ಕಾಲೇಜು ಆರಿಸುವುದು

ಇಲ್ಲಿ ಒಂದೇ ಪ್ರಶ್ನೆ ಉಳಿದೆಲ್ಲಕ್ಕಿಂತ ದೊಡ್ಡದು: ಈ ಕೋರ್ಸಿಗೆ ಎಸಿಒಟಿಇ ಮಾನ್ಯತೆ ಇದೆಯೇ? ಇದು ಆಕ್ಯುಪೇಶನಲ್ ಥೆರಪಿ ಶಿಕ್ಷಣಕ್ಕೆ ಮಾನ್ಯತೆ ಕೊಡುವ ಸಂಸ್ಥೆ. ಕಾಲೇಜಿಗೆ ಮಾನ್ಯತೆ ಇದ್ದು ಈ ಕೋರ್ಸಿಗೆ ಇಲ್ಲದಿರಬಹುದು. ಎಸಿಒಟಿಇಯ ಜಾಲತಾಣದಲ್ಲೇ ಪಟ್ಟಿ ಇದೆ, ಅದರಲ್ಲಿ ನೋಡಿ. ಕಾಲೇಜಿನ ಕರಪತ್ರವನ್ನು ನಂಬಬೇಡಿ. ಹೊಸ ಕೋರ್ಸುಗಳು ಪೂರ್ಣ ಮಾನ್ಯತೆಗೆ ಮೊದಲಿನ ಹಂತದಲ್ಲಿರುತ್ತವೆ. ಅಂಥಲ್ಲಿ ಸೇರಿದವರ ಅದೃಷ್ಟ, ಅವರು ಮುಗಿಸುವ ಹೊತ್ತಿಗೆ ಮಾನ್ಯತೆ ಬಂದಿರಬೇಕು. ಬರದಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ, ಕೈಯಲ್ಲಿ ಪದವಿ ಮಾತ್ರ.

ಎರಡನೆಯದಾಗಿ ಪರೀಕ್ಷೆಯ ತೇರ್ಗಡೆ ಪ್ರಮಾಣ. ಮೂರು ವರ್ಷಗಳ ಸರಾಸರಿ ಶೇಕಡ 80ಕ್ಕೆ ಕಡಿಮೆ ಇರಬಾರದೆಂಬುದು ಎಸಿಒಟಿಇ ಮಾನದಂಡ. ಈ ಅಂಕಿಯ ಜತೆಗೆ ಎಷ್ಟು ಮಂದಿ ಸೇರಿದರು, ಎಷ್ಟು ಮಂದಿ ಮುಗಿಸಿದರು ಎಂಬುದನ್ನೂ ನೋಡಿ. ಮೂವತ್ತು ಮಂದಿಯಲ್ಲಿ ಹದಿನಾರು ಮಂದಿ ಮಾತ್ರ ಕೊನೆ ಮುಟ್ಟಿ, ಆ ಹದಿನಾರರಲ್ಲಿ ಎಲ್ಲರೂ ಪಾಸಾದರೆ ಫಲಕದಲ್ಲಿ ನೂರಕ್ಕೆ ನೂರು ಎಂದೇ ಕಾಣುತ್ತದೆ.

ಶುಲ್ಕದಲ್ಲಿ ಸರ್ಕಾರಿ ನೆರವಿನ ಕಮ್ಯುನಿಟಿ ಕಾಲೇಜಿಗೂ ಖಾಸಗಿ ಕಾಲೇಜಿಗೂ ಹಲವು ಪಟ್ಟು ಅಂತರ. ಪರೀಕ್ಷೆ ಒಂದೇ, ಪರವಾನಗಿ ಒಂದೇ, ಕೆಲಸ ಕೊಡುವವರು ಕಾಲೇಜಿನ ಹೆಸರು ಕೇಳುವುದು ಅಪರೂಪ. ಕಮ್ಯುನಿಟಿ ಕಾಲೇಜಿನಲ್ಲಿ ಸೀಟು ಕಡಿಮೆ, ಒಂದು ವರ್ಷ ಕಾಯಬೇಕಾಗಬಹುದು. ಕಾಯಿರಿ ಎಂದೇ ನನ್ನ ಸಲಹೆ. ಕೆಲವೆಡೆ ಇದೇ ಕೋರ್ಸನ್ನು ಬ್ಯಾಚುಲರ್ ಪದವಿಯಾಗಿಯೂ ಕೊಡುತ್ತಾರೆ. ಅದರಿಂದ ಪರೀಕ್ಷೆಯಲ್ಲಾಗಲಿ ಗೆರೆಯಲ್ಲಾಗಲಿ ಬದಲಾವಣೆಯಿಲ್ಲ.

ಹಂತ 4: ಪೂರ್ವಸಿದ್ಧತೆಯ ವಿಷಯಗಳು

ಕೋರ್ಸಿಗೆ ಮೊದಲು ಮುಗಿಸಿರಬೇಕಾದ ವಿಷಯಗಳಿಗೆ ಪ್ರಿರಿಕ್ವಿಸಿಟ್ ಎಂದು ಹೆಸರು. ಕಾಲೇಜಿನಿಂದ ಕಾಲೇಜಿಗೆ ಬದಲಾಗುತ್ತವೆ. ಪ್ರಯೋಗಾಲಯ ಸಹಿತ ದೇಹರಚನೆ ಮತ್ತು ಶರೀರಕ್ರಿಯೆ ಎರಡು ಭಾಗ, ಮನಃಶಾಸ್ತ್ರ, ಹುಟ್ಟಿನಿಂದ ಮುಪ್ಪಿನವರೆಗಿನ ಬೆಳವಣಿಗೆಯ ಮನಃಶಾಸ್ತ್ರ, ಇಂಗ್ಲಿಷ್ ಪ್ರಬಂಧ ಬರವಣಿಗೆ, ವೈದ್ಯಕೀಯ ಪದಗಳ ಪರಿಚಯ: ಇವಿಷ್ಟು ಹೆಚ್ಚಿನ ಕಡೆ ಇರುತ್ತವೆ.

ಊರಿನ ಬಿ.ಎಸ್ಸಿ. ಇದ್ದರೆ ಅದರ ಮೌಲ್ಯಮಾಪನ ಮಾಡಿಸಿ. ಡಬ್ಲ್ಯುಇಎಸ್, ಇಸಿಇ ಮುಂತಾದ ಸಂಸ್ಥೆಗಳು ನಿಮ್ಮ ಅಂಕಪಟ್ಟಿಯನ್ನು ಅಮೆರಿಕದ ಕ್ರೆಡಿಟ್ ಲೆಕ್ಕಕ್ಕೆ ತಿರುಗಿಸಿಕೊಡುತ್ತವೆ. ವರದಿ ಕೇಳುವಾಗ ‘ವಿಷಯವಾರು’ ವರದಿಯನ್ನೇ ಕೇಳಿ. ಪದವಿಯ ಒಟ್ಟು ಮಟ್ಟವನ್ನಷ್ಟೇ ಹೇಳುವ ಅಗ್ಗದ ವರದಿ ಈ ಕೆಲಸಕ್ಕೆ ಬಾರದು. ವಿಶ್ವವಿದ್ಯಾಲಯದಿಂದ ಮೊಹರು ಹಾಕಿದ ಲಕೋಟೆ ತರಿಸಲು ತಿಂಗಳುಗಳು ಹಿಡಿಯಬಹುದು, ಆದ್ದರಿಂದ ರಜೆಗೆ ಊರಿಗೆ ಹೋದಾಗಲೇ ಅರ್ಜಿ ಕೊಟ್ಟು ಬನ್ನಿ. ಇಷ್ಟೆಲ್ಲ ಆದ ಮೇಲೂ ಒಂದು ನಿರಾಶೆ ಕಾದಿರುತ್ತದೆ: ಹಲವು ಕಾಲೇಜುಗಳು ವಿಜ್ಞಾನದ ವಿಷಯಗಳು ಐದು ಅಥವಾ ಏಳು ವರ್ಷಕ್ಕಿಂತ ಹಳತಾಗಿದ್ದರೆ ಒಪ್ಪುವುದಿಲ್ಲ. ಮೌಲ್ಯಮಾಪನಕ್ಕೆ ಹಣ ಕಟ್ಟುವ ಮುನ್ನ ಇದನ್ನು ಕೇಳಿ ತಿಳಿದುಕೊಳ್ಳಿ. ಹದಿನೈದು ವರ್ಷದ ಹಿಂದೆ ಓದಿದ ದೇಹರಚನೆಯನ್ನು ಮತ್ತೆ ಓದಬೇಕಾಗಿ ಬಂದರೆ ಬೇಸರ ಬೇಡ. ಭುಜದ ಕೀಲಿಗೆ ಯಾವ ಸ್ನಾಯು ಎಲ್ಲಿಂದ ಬರುತ್ತದೆ ಎನ್ನುವುದು ಮುಂದೆ ಪ್ರತಿದಿನ ಬೇಕು.

ಹಂತ 5: ಆರೋಗ್ಯದ ಕಾಗದಗಳು

ಲಸಿಕೆ ದಾಖಲೆ, ಟಿ.ಬಿ. ಪರೀಕ್ಷೆ, ಮಾದಕವಸ್ತು ಪರೀಕ್ಷೆ, ಪೊಲೀಸ್ ಹಿನ್ನೆಲೆ ತಪಾಸಣೆ, ಹೃದಯ ನಿಂತಾಗ ಮಾಡುವ ಪ್ರಥಮ ಚಿಕಿತ್ಸೆಯ ಬಿಎಲ್‌ಎಸ್ ತರಬೇತಿ. ಎಲ್ಲರಿಗೂ ಇದೇ ಪಟ್ಟಿ, ಆದರೆ ನಮ್ಮವರಿಗೆ ಒಂದು ಕಡೆ ಮುಳ್ಳು. ಮಗುವಾಗಿದ್ದಾಗ ಬಿಸಿಜಿ ಚುಚ್ಚಿಸಿಕೊಂಡ ಕಲೆ ತೋಳಿನ ಮೇಲೆ ಇದೆಯಲ್ಲ, ಅದರಿಂದಾಗಿ ಚರ್ಮದ ಟಿ.ಬಿ. ಪರೀಕ್ಷೆ ಸೋಂಕಿಲ್ಲದಿದ್ದರೂ ಪಾಸಿಟಿವ್ ಬರಬಹುದು. ಆಮೇಲೆ ಎದೆಯ ಎಕ್ಸ್-ರೇ, ವೈದ್ಯರ ಪತ್ರ, ತರಬೇತಿ ಮುಂದೂಡಿಕೆ. ಆರಂಭದಲ್ಲೇ ಐಜಿಆರ್‌ಎ ಎಂಬ ರಕ್ತಪರೀಕ್ಷೆ ಕೇಳಿ. ಬಿಸಿಜಿಯಿಂದ ಅದು ಕೆಡುವುದಿಲ್ಲ. ಹಳೆಯ ಲಸಿಕೆ ಚೀಟಿ ಸಿಗದಿದ್ದರೆ ದಡಾರ, ಹೆಪಟೈಟಿಸ್-ಬಿಗೆ ರಕ್ತದಲ್ಲಿ ಪ್ರತಿರೋಧ ಇದೆಯೇ ಎಂದು ನೋಡುವ ಪರೀಕ್ಷೆ ಮಾಡಿಸಬಹುದು.

ಹಂತ 6: ಓದು ಮತ್ತು ಫೀಲ್ಡ್‌ವರ್ಕ್

ತರಗತಿಯ ಓದಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಕಷ್ಟಪಟ್ಟರೆ ಆಗುತ್ತದೆ. ಫೀಲ್ಡ್‌ವರ್ಕ್ ಎಂದರೆ ಕ್ಷೇತ್ರ ತರಬೇತಿ, ಅಲ್ಲಿ ಜನ ಕುಸಿಯುತ್ತಾರೆ. ಮೊದಲ ಮಟ್ಟದಲ್ಲಿ ನೋಡುವುದೇ ಹೆಚ್ಚು. ಎರಡನೆಯ ಮಟ್ಟದಲ್ಲಿ ಕನಿಷ್ಠ ಹದಿನಾರು ವಾರ ಪೂರ್ಣಾವಧಿ ಕೆಲಸ, ಸಾಮಾನ್ಯವಾಗಿ ಎರಡು ಜಾಗಗಳಲ್ಲಿ ಎಂಟೆಂಟು ವಾರ. ಥೆರಪಿಸ್ಟ್ ಆಗುವವರಿಗೆ ಇದು ಇಪ್ಪತ್ತನಾಲ್ಕು ವಾರ. ಸಾಮಾನ್ಯವಾಗಿ ಸಂಬಳವಿಲ್ಲ. ಬೆಳಗ್ಗೆ ಏಳಕ್ಕೇ ಇರಬೇಕಾಗಬಹುದು, ಏಕೆಂದರೆ ಸ್ನಾನ ಮತ್ತು ಬಟ್ಟೆಯ ಚಿಕಿತ್ಸೆ ಆ ಹೊತ್ತಿಗೇ. ಸಣ್ಣ ಮಕ್ಕಳಿದ್ದರೆ ಈ ಹದಿನಾರು ವಾರಕ್ಕೆ ಅಜ್ಜಿಯನ್ನು ಊರಿನಿಂದ ಕರೆಸುವ ಯೋಜನೆಯನ್ನು ಕೋರ್ಸು ಸೇರುವಾಗಲೇ ಮಾಡಿ. ಜಾಗ ಆರಿಸುವುದು ಕಾಲೇಜು. ಕಾರಿನಲ್ಲಿ ಒಂದು ಗಂಟೆ ದೂರವಾದರೂ ಹೋಗಬೇಕು, ಆದ್ದರಿಂದ ಡ್ರೈವಿಂಗ್ ಬರದವರು ಅಷ್ಟರಲ್ಲಿ ಕಲಿತಿರಬೇಕು.

ನಮ್ಮಲ್ಲಿ ಅನೇಕರು ಇಲ್ಲಿ ಕಡಿಮೆ ಅಂಕ ಪಡೆಯುವುದು ಎರಡು ಕಾರಣಕ್ಕೆ. ಮೊದಲನೆಯದು ಮೌನ. ಹಿರಿಯರು ಹೇಳುವವರೆಗೆ ಸುಮ್ಮನಿರುವುದು ನಮ್ಮಲ್ಲಿ ವಿನಯ, ಅಲ್ಲಿ ಅದನ್ನು ಆಸಕ್ತಿಯಿಲ್ಲ ಎಂದು ಬರೆಯುತ್ತಾರೆ. ‘ನಾಳೆ ಈ ರೋಗಿಗೆ ಕಾಲುಚೀಲ ತೊಡುವ ಸಾಧನ ಪ್ರಯತ್ನಿಸಲೇ’ ಎಂದು ನೀವೇ ಕೇಳಿ. ಎರಡನೆಯದು ಅತಿಯಾದ ಸಹಾಯ. ಅಜ್ಜಿಯೊಬ್ಬರು ಗುಂಡಿ ಹಾಕಲು ಒದ್ದಾಡುತ್ತಿದ್ದರೆ ನಮ್ಮ ಕೈ ತಾನಾಗಿ ಮುಂದೆ ಹೋಗುತ್ತದೆ. ನನ್ನ ಮೇಲ್ವಿಚಾರಕಿ ಮೊದಲ ವಾರ ನನ್ನ ಎರಡೂ ಕೈಗಳನ್ನು ಏಪ್ರನ್ ಜೇಬಿನಲ್ಲಿ ಇಡಿಸಿದ್ದರು.

ಸುರಕ್ಷತೆಯ ನಿಯಮ ಬಾಯಿಪಾಠವಾಗಿರಬೇಕು. ಹಿಂಬದಿಯಿಂದ ಶಸ್ತ್ರಚಿಕಿತ್ಸೆ ಮಾಡಿಸಿ ಸೊಂಟದ ಕೀಲು ಬದಲಾಯಿಸಿಕೊಂಡವರು ಸಾಮಾನ್ಯವಾಗಿ ಸೊಂಟವನ್ನು 90 ಡಿಗ್ರಿಗಿಂತ ಹೆಚ್ಚು ಬಗ್ಗಿಸಬಾರದು, ಕಾಲ ಮೇಲೆ ಕಾಲು ಹಾಕಬಾರದು, ಪಾದ ಒಳಕ್ಕೆ ತಿರುಗಿಸಬಾರದು. ಚಪ್ಪಲಿ ಹುಡುಕಲು ಬಗ್ಗಿದರೂ ಕೀಲು ಜಾರಬಹುದು. ರೋಗಿಯನ್ನು ಎಬ್ಬಿಸುವ ಮುನ್ನ ಸೊಂಟಕ್ಕೆ ಗೇಟ್ ಬೆಲ್ಟ್, ಅಂದರೆ ರೋಗಿ ಬೀಳದಂತೆ ಹಿಡಿಯಲು ಕಟ್ಟುವ ಪಟ್ಟಿ, ಕಟ್ಟಿ ಅದನ್ನು ಹಿಡಿಯಿರಿ, ಕಂಕುಳಿಗೆ ಕೈ ಹಾಕಿ ಎತ್ತಬೇಡಿ. ಪಾರ್ಶ್ವವಾಯುವಿನ ಭುಜ ಹಾಗೆ ಎತ್ತಿದರೆ ಕೀಲಿನಿಂದ ಸರಿಯಬಹುದು.

ಹಂತ 7: ಎನ್‌ಬಿಸಿಒಟಿ ಪರೀಕ್ಷೆ

ಇದು ರಾಷ್ಟ್ರೀಯ ಪ್ರಮಾಣೀಕರಣ ಮಂಡಳಿಯ ಪರೀಕ್ಷೆ. ಪಾಸಾದರೆ ಹೆಸರಿನ ಮುಂದೆ ‘ಕೋಟಾ’ ಎಂದು ಹಾಕಿಕೊಳ್ಳಬಹುದು, ಅಂದರೆ ಪ್ರಮಾಣಿತ ಒ.ಟಿ.ಎ. (ಊರಿಗೆ ಫೋನು ಮಾಡಿ ‘ಕೋಟಾ ಆದೆ’ ಎಂದರೆ ‘ಖೋಟಾ’ ಎಂದು ಕೇಳಿಸೀತು, ಎಚ್ಚರ.) ಕಂಪ್ಯೂಟರಿನಲ್ಲಿ ನಾಲ್ಕು ಗಂಟೆ. ಅಂಕವನ್ನು 300ರಿಂದ 600ರ ಅಳತೆಗೋಲಿಗೆ ಹೊಂದಿಸುತ್ತಾರೆ, 450 ಬಂದರೆ ತೇರ್ಗಡೆ.

ಪ್ರಶ್ನೆಗಳು ನೆನಪಿನ ಪರೀಕ್ಷೆಯಲ್ಲ. ಒಂದು ಸನ್ನಿವೇಶ ಕೊಟ್ಟು ‘ಒ.ಟಿ.ಎ. ಮೊದಲು ಏನು ಮಾಡಬೇಕು’ ಎಂದು ಕೇಳುತ್ತಾರೆ. ನಾಲ್ಕೂ ಉತ್ತರ ಸರಿಯೆಂದೇ ಕಾಣುತ್ತದೆ. ಬುದ್ಧಿವಂತರು ಸೋಲುವುದು ಇಲ್ಲೇ: ವೈದ್ಯರಂತೆ ಯೋಚಿಸಿ ಅತ್ಯಂತ ಪ್ರೌಢವಾದ ಉತ್ತರ ಆರಿಸುತ್ತಾರೆ. ನಾನು ಮೇಲೆ ಹೇಳಿದ ಗೆರೆಯನ್ನು ನೆನೆಯಿರಿ. ಸುರಕ್ಷತೆಯ ಅಪಾಯ ಇದ್ದರೆ ಮೊದಲು ಅದನ್ನು ತಡೆಯುವ ಉತ್ತರ. ರೋಗಿಯಲ್ಲಿ ಹೊಸದೇನೋ ಕಂಡಿದ್ದರೆ ಒ.ಟಿ.ಗೆ ತಿಳಿಸುವ ಉತ್ತರ. ಯೋಜನೆ ತಿದ್ದುವ ಉತ್ತರ ಎಷ್ಟೇ ಚೆನ್ನಾಗಿದ್ದರೂ ಬಿಡಿ.

ಇನ್ನು ಹೆಸರಿನ ಪಜೀತಿ. ಗುರುತಿನ ಚೀಟಿಯ ಹೆಸರು ಮತ್ತು ಪರೀಕ್ಷೆಯ ಅನುಮತಿ ಪತ್ರದ ಹೆಸರು ಒಂದೇ ಇರಬೇಕು. ನಮ್ಮಲ್ಲಿ ಅಂಕಪಟ್ಟಿಯಲ್ಲಿ ಇನಿಶಿಯಲ್, ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರೋ ಊರಿನ ಹೆಸರೋ, ಮದುವೆಯ ನಂತರ ಗಂಡನ ಹೆಸರು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರಿಗೆ ವೀಸಾದ ಮೇಲೆ ‘ಎಫ್‌ಎನ್‌ಯು’ ಎಂದು ಅಚ್ಚಾಗುತ್ತದೆ, ಹೆಸರು ಗೊತ್ತಿಲ್ಲ ಎಂದು ಅದರ ಅರ್ಥ. ಅದೇ ಮುಂದೆ ಡ್ರೈವಿಂಗ್ ಲೈಸೆನ್ಸಿಗೂ ಅಂಟಿಕೊಳ್ಳುತ್ತದೆ. ಕಾಲೇಜಿಗೆ ಸೇರುವ ದಿನವೇ ಒಂದು ಹೆಸರು ನಿಶ್ಚಯಿಸಿ, ಎಲ್ಲ ಕಡೆಗೂ ಅದನ್ನೇ ಕೊಡಿ.

ಹಂತ 8: ರಾಜ್ಯದ ಪರವಾನಗಿ

ಪರೀಕ್ಷೆ ಪಾಸಾದ ಮಾತ್ರಕ್ಕೆ ಕೆಲಸ ಮಾಡುವಂತಿಲ್ಲ. ಪರವಾನಗಿ ಕೊಡುವುದು ರಾಜ್ಯ. ಬೆರಳಚ್ಚು, ಶುಲ್ಕ, ಅರ್ಜಿ ಎಲ್ಲೆಡೆ ಹೆಚ್ಚುಕಡಿಮೆ ಒಂದೇ, ಆದರೆ ಟೆಕ್ಸಾಸ್‌ನಂಥ ಕಡೆ ಆ ರಾಜ್ಯದ ಕಾನೂನಿನ ಮೇಲೆ ಪ್ರತ್ಯೇಕ ಪರೀಕ್ಷೆಯನ್ನೂ ಬರೆಯಬೇಕು. ಒ.ಟಿ. ನಿಮ್ಮನ್ನು ಎಷ್ಟು ಹತ್ತಿರದಿಂದ ಮೇಲ್ವಿಚಾರಣೆ ಮಾಡಬೇಕು ಎಂಬ ನಿಯಮವೂ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಗಂಡನ ಕಂಪನಿ ಬದಲಾಗಿ ಇನ್ನೊಂದು ರಾಜ್ಯಕ್ಕೆ ಹೋದರೆ ಮತ್ತೆ ಅರ್ಜಿ. ಹಲವು ರಾಜ್ಯಗಳು ಸೇರಿ ಪರಸ್ಪರ ಒಪ್ಪಂದ ಮಾಡಿಕೊಂಡಿವೆ, ನಿಮ್ಮ ಎರಡೂ ರಾಜ್ಯ ಅದರಲ್ಲಿವೆಯೇ ನೋಡಿ. ‘ಕೋಟಾ’ ಪ್ರಮಾಣಪತ್ರವನ್ನು ಉಳಿಸಿಕೊಳ್ಳಲು ಮೂರು ವರ್ಷಕ್ಕೆ 36 ಘಟಕಗಳಷ್ಟು ಮುಂದುವರಿದ ಕಲಿಕೆ ತೋರಿಸಬೇಕು. ರಾಜ್ಯದ ಲೆಕ್ಕ ಬೇರೆ, ಅದರ ದಿನಾಂಕವೂ ಬೇರೆ.

ಹಂತ 9: ಮೊದಲ ಕೆಲಸ

ವೃದ್ಧರ ಶುಶ್ರೂಷಾ ಕೇಂದ್ರಗಳಲ್ಲಿ ಕೆಲಸ ಬೇಗ ಸಿಗುತ್ತದೆ. ಆದರೆ ಸರ್ಕಾರಿ ವಿಮೆ ಮೆಡಿಕೇರ್ ಹಣ ಕೊಡುವ ರೀತಿ ಬದಲಾದಂತೆಲ್ಲ ಇಲ್ಲಿನ ಗಾಳಿ ಬದಲಾಗುತ್ತದೆ. 2019ರ ಅಕ್ಟೋಬರ್‌ನಿಂದ ಈ ಕೇಂದ್ರಗಳಿಗೆ ಥೆರಪಿಯ ನಿಮಿಷ ಎಣಿಸಿ ಹಣ ಕೊಡುವುದನ್ನು ನಿಲ್ಲಿಸಲಾಯಿತು. 2022ರ ಜನವರಿಯಿಂದ ಹೊರರೋಗಿಗಳ ಬಿಲ್ಲಿನಲ್ಲಿ ಅಸಿಸ್ಟೆಂಟ್ ಕೊಟ್ಟ ಚಿಕಿತ್ಸೆಗೆ ಥೆರಪಿಸ್ಟ್ ದರದ ಶೇಕಡ 85 ಮಾತ್ರ. ಮಾಲೀಕರ ಲೆಕ್ಕಾಚಾರ ಅದರ ಮೇಲೆ ನಡೆಯುತ್ತದೆ.

ಸಂದರ್ಶನದಲ್ಲಿ ಮೂರು ಪ್ರಶ್ನೆ ಕೇಳಿ. ‘ಪ್ರೊಡಕ್ಟಿವಿಟಿ’ ಎಷ್ಟು, ಅಂದರೆ ಕೆಲಸದ ಗಂಟೆಯಲ್ಲಿ ಬಿಲ್ಲಿಗೆ ಸೇರುವ ನಿಮಿಷಗಳ ಪಾಲು? ಶೇಕಡ 90ಕ್ಕೆ ಮೇಲೆ ಎಂದರೆ ಬರವಣಿಗೆಯ ಕೆಲಸವನ್ನು ಊಟದ ಬಿಡುವಿನಲ್ಲಿ ಮಾಡಬೇಕಾಗುತ್ತದೆ. ಒ.ಟಿ. ಕಟ್ಟಡದಲ್ಲೇ ಇರುತ್ತಾರೋ, ಫೋನಿನಲ್ಲೋ? ಹೊಸಬರು ಫೋನಿನ ಮೇಲ್ವಿಚಾರಣೆಗೆ ಒಪ್ಪಬೇಡಿ, ಕಾನೂನು ಒಪ್ಪಿದರೂ ಸರಿ. ಪಿಆರ್‌ಎನ್ ಕೆಲಸವೇ? ಹಾಗೆಂದರೆ ಬೇಕಾದಾಗ ಮಾತ್ರ ಕರೆಯುವುದು. ಗಂಟೆಗೆ ಹಣ ಹೆಚ್ಚು, ರೋಗಿಗಳಿಲ್ಲದ ವಾರ ಸೊನ್ನೆ.

ಕೆಲಸಕ್ಕೆ ಸೇರಿದ ಮೇಲೆ, ಯಾವುದೇ ಕಾಗದಕ್ಕೆ ಸಹಿ ಮಾಡುವ ಮುನ್ನ ನೋಡಬೇಕಾದ ಇನ್ನೊಂದಿದೆ. ಯಾರೋ ಒತ್ತಡ ಹಾಕಿ ‘ಒ.ಟಿ. ರಜೆಯಲ್ಲಿದ್ದಾರೆ, ಡಿಸ್ಚಾರ್ಜ್ (ಚಿಕಿತ್ಸೆ ಮುಗಿಯಿತೆಂಬ ವರದಿ) ನೀವೇ ಬರೆಯಿರಿ’ ಎನ್ನುವ ದಿನ ಬಂದೇ ಬರುತ್ತದೆ. ನನಗೆ ಬಂದದ್ದು ಕೆಲಸಕ್ಕೆ ಸೇರಿದ ಮೂರನೆಯ ವಾರ. ಬರೆಯಲಿಲ್ಲ, ನಾನು ಕೊಟ್ಟ ಚಿಕಿತ್ಸೆಯ ಟಿಪ್ಪಣಿ ಮಾತ್ರ ಬರೆದು, ಉಳಿದದ್ದಕ್ಕೆ ಬೇರೆ ಕೇಂದ್ರದ ಒ.ಟಿ.ಯನ್ನು ಕರೆಸಿ ಎಂದು ಇಮೇಲ್ ಹಾಕಿದೆ. ಇಂಥದನ್ನು ಬಾಯಿಮಾತಿನಲ್ಲಿ ಹೇಳಿ ಬಿಡಬೇಡಿ, ಇಮೇಲ್ ಮಾಡಿ.

ಕನ್ನಡ ಬರುವುದು ಒಮ್ಮೊಮ್ಮೆ ನೆರವಿಗೆ ಬರುತ್ತದೆ. ಮಗನ ಮನೆಗೆ ಬಂದು ಕಾಯಿಲೆ ಬಿದ್ದ ಅಜ್ಜಿಗೆ ದಪ್ಪ ಹಿಡಿಯ ಚಮಚ ಕೊಟ್ಟು ಊಟ ಕಲಿಸಲು ಎಲ್ಲರೂ ಹೆಣಗಾಡುತ್ತಿರುತ್ತಾರೆ. ಅವರು ಎಪ್ಪತ್ತು ವರ್ಷ ಕೈಯಲ್ಲಿ ಕಲಸಿ ಉಂಡವರು. ಅನ್ನಕ್ಕೆ ಸಾರು ಕಲಸಿ ತುತ್ತು ಕಟ್ಟುವುದೇ ಅವರ ಗುರಿಯಾಗಬಹುದು ಎಂದು ಒ.ಟಿ.ಗೆ ಹೇಳಿ, ಒಪ್ಪಿದರೆ ಅದೇ ಬೆರಳುಗಳ ಚಿಕಿತ್ಸೆ.

ಮೊದಲ ದಿನಕ್ಕೆ ಬೇಕಾದವು: ಮುಂಭಾಗ ಮುಚ್ಚಿದ, ಜಾರದ ಬೂಟು, ಸೆಕೆಂಡ್ ಮುಳ್ಳಿರುವ ಗಡಿಯಾರ, ಸ್ವಂತದ ಗೇಟ್ ಬೆಲ್ಟ್, ಜೇಬಿಗೆ ಹಿಡಿಸುವ ಪುಟ್ಟ ಪುಸ್ತಕ. ಬಳೆ ತೆಗೆದಿಡಿ, ಮುಪ್ಪಿನ ಚರ್ಮ ತೆಳ್ಳಗಿರುತ್ತದೆ, ಗೀರಿದರೂ ಹರಿಯುತ್ತದೆ. ಉದ್ದನೆಯ ಕರಿಮಣಿ ಸರವನ್ನು ಅಂಗಿಯೊಳಗೆ ಸೇರಿಸಿ ಪಿನ್ ಹಾಕಿಕೊಳ್ಳಿ. ಬೀಳುವ ಭಯದಲ್ಲಿರುವವರು ಕೈಗೆ ಸಿಕ್ಕಿದ್ದನ್ನು ಹಿಡಿಯುತ್ತಾರೆ.